ರಕ್ತದ ಕಬ್ಬಿಣ, ಮೈತೂಕ, ಓಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 24 ವರ್ಷ, ಹತ್ತು ಕಿಲೋಮೀಟರ್ ಓಟಗಾರ್ತಿ. ಮೈ ಹಗುರಾಗಲೆಂದು ಊಟ ಕಡಿಮೆ ಮಾಡಿ ಮೂರು ತಿಂಗಳಲ್ಲಿ 56 ಕೆ.ಜಿ.ಯಿಂದ 52ಕ್ಕೆ ಇಳಿದೆ. ಮೊದಮೊದಲು ವೇಗ ಹೆಚ್ಚಿತು. ಈಗ ಅದೇ ವೇಗಕ್ಕೆ ಏದುಸಿರು, ಕಾಲು ಭಾರ. ಹಿಮೋಗ್ಲೋಬಿನ್ 12.4, ಫೆರಿಟಿನ್ 14. ರಕ್ತಹೀನತೆ ಇಲ್ಲ ಎಂದರು. ಹಾಗಾದರೆ ಈ ಸುಸ್ತು ಎಲ್ಲಿಂದ?

ಉತ್ತರ: ರಕ್ತಹೀನತೆ ಇಲ್ಲ ಎಂಬುದು ಸರಿ. ಆದರೆ ಕಬ್ಬಿಣದ ಕೊರತೆ ಖಂಡಿತ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸೂಚಕ; ಅದು 15ಕ್ಕಿಂತ ಕಡಿಮೆಯಾದರೆ ಆ ದಾಸ್ತಾನು ಬರಿದಾದಂತೆ. ಕ್ರೀಡಾವೈದ್ಯರು ಇನ್ನೂ ಮುಂಚೆಯೇ, 35ರ ಆಸುಪಾಸಿನಲ್ಲೇ ಎಚ್ಚೆತ್ತುಕೊಳ್ಳುತ್ತಾರೆ. ಕಬ್ಬಿಣ ಕಡಿಮೆಯಾಗುತ್ತ ಬಂದಾಗ ಮೊದಲು ಖಾಲಿಯಾಗುವುದು ದಾಸ್ತಾನು, ಆಮೇಲೆ ರಕ್ತದಲ್ಲಿ ಸಾಗಾಟವಾಗುವ ಕಬ್ಬಿಣ, ಹಿಮೋಗ್ಲೋಬಿನ್ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಸ್ನಾಯುವಿನೊಳಗೆ ಆಮ್ಲಜನಕ ಬಳಸುವ ಕಿಣ್ವಗಳಿಗೂ ಕಬ್ಬಿಣದ ಅಭಾವ ತಟ್ಟಿರಬಹುದು. ಹಿಮೋಗ್ಲೋಬಿನ್ ಒಂದನ್ನೇ ನೋಡಿ ‘ಏನೂ ಇಲ್ಲ’ ಎನ್ನುವ ರೂಢಿಯಿಂದ ಎಷ್ಟೋ ಓಟಗಾರ್ತಿಯರ ಇಡೀ ಋತು ಹಾಳಾಗುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಅಳತೆ) ಕೂಡ ಪರೀಕ್ಷೆ ಮಾಡಿಸಿ, ಅದು ಶೇ. 16ಕ್ಕಿಂತ ಕಡಿಮೆ ಬಂದರೆ ಕೊರತೆ ಎರಡನೆಯ ಹಂತಕ್ಕೆ ಬಂದಿದೆ ಎಂದರ್ಥ.

ಇನ್ನು ತೂಕದ ವಿಷಯ. ಆರಂಭದಲ್ಲಿ ವೇಗ ಹೆಚ್ಚಿದ್ದಕ್ಕೆ ಕಾರಣ ಸರಳ: ದೇಹ ಬಳಸುವ ಆಮ್ಲಜನಕ ಅಷ್ಟೇ ಇತ್ತು, ಹೊರಬೇಕಾದ ಕಿಲೋ ಕಡಿಮೆಯಾಯಿತು. ಆದರೆ ಊಟದ ಜೊತೆಗೆ ಕಬ್ಬಿಣವೂ ಕಡಿತವಾಯಿತು. ಸಾಮಾನ್ಯ ಮಿಶ್ರ ಆಹಾರದಲ್ಲಿ 1000 ಕ್ಯಾಲೊರಿಗೆ ಸುಮಾರು 6 ಮಿ.ಗ್ರಾಂ ಕಬ್ಬಿಣ ಇರುತ್ತದೆ. 1700 ಕ್ಯಾಲೊರಿ ತಿಂದರೆ ಸಿಗುವುದು 10 ಮಿ.ಗ್ರಾಂ; ಮುಟ್ಟಾಗುವ ವಯಸ್ಸಿನವರಿಗೆ ಅಮೆರಿಕದ ಶಿಫಾರಸು ದಿನಕ್ಕೆ 18. ಬೆವರು, ಕರುಳಿನ ಸಣ್ಣ ರಕ್ತಸ್ರಾವ, ಪಾದ ನೆಲಕ್ಕೆ ಬಡಿಯುವಾಗ ಒಡೆಯುವ ಕೆಂಪು ರಕ್ತಕಣ, ಇವುಗಳಿಂದ ಆಗುವ ನಷ್ಟ ಬೇರೆ.

ಇದಕ್ಕಿಂತ ದೊಡ್ಡ ತೊಡಕು ಹೆಪ್ಸಿಡಿನ್. ಇದು ಯಕೃತ್ತು ಸ್ರವಿಸುವ ಹಾರ್ಮೋನು. ಇದು ಏರಿದಾಗ ಕರುಳಿನ ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲು ಮುಚ್ಚುತ್ತದೆ. ಕಠಿಣ ತಾಲೀಮಿನ ನಂತರ 3ರಿಂದ 6 ಗಂಟೆಯೊಳಗೆ ಇದರ ಮಟ್ಟ ತುದಿ ಮುಟ್ಟುತ್ತದೆ. ಸ್ನಾಯುವಿನಲ್ಲಿ ಗ್ಲೈಕೊಜೆನ್, ಅಂದರೆ ಕೂಡಿಟ್ಟ ಸಕ್ಕರೆ, ಬರಿದಾಗಿದ್ದರೆ ಇನ್ನೂ ಹೆಚ್ಚು ಏರುವ ಸಂಭವ ಇದೆ. ಹೀಗಾಗಿ ಅರೆಹೊಟ್ಟೆಯಲ್ಲಿ ಓಡುವವರಿಗೆ ತಿನ್ನುವ ಕಬ್ಬಿಣವೂ ಕಡಿಮೆ, ತಿಂದದ್ದು ಮೈಗೆ ಸೇರುವುದೂ ಕಡಿಮೆ. ಇದನ್ನು ಸರಿಪಡಿಸದೆ ಬರೀ ಮಾತ್ರೆ ನುಂಗಿದರೆ ಫಲ ಅರ್ಧಕ್ಕೇ ನಿಲ್ಲುತ್ತದೆ.

ಊಟ ಸಾಕಾಗುತ್ತಿದೆಯೇ ಎಂದು ನೀವೇ ಲೆಕ್ಕ ಹಾಕಿ ನೋಡಿ. ತಿಂದ ಕ್ಯಾಲೊರಿಯಲ್ಲಿ ತಾಲೀಮಿಗೆ ಖರ್ಚಾದದ್ದನ್ನು ಕಳೆಯಿರಿ. ಉಳಿದದ್ದನ್ನು ಕೊಬ್ಬು ಬಿಟ್ಟು ಉಳಿದ ಮೈತೂಕದಿಂದ ಭಾಗಿಸಿ. 52 ಕೆ.ಜಿ.ಯಲ್ಲಿ ಕೊಬ್ಬು 10 ಕೆ.ಜಿ. ಎಂದಿಟ್ಟುಕೊಂಡರೆ ಉಳಿಯುವುದು 42. ಊಟ 1700, ಓಟದ ಖರ್ಚು 600 ಆದರೆ 1100 ಭಾಗಿಸು 42, ಅಂದರೆ 26. 30ಕ್ಕಿಂತ ಕೆಳಗೆ ಅಪಾಯ, 45ರ ಹತ್ತಿರ ಇದ್ದರೆ ನೆಮ್ಮದಿ. 45ಕ್ಕೆ ನಿಮಗೆ ಬೇಕಾದದ್ದು ದಿನಕ್ಕೆ ಸುಮಾರು 2490. ಅಂದಾಜಿನ ಲೆಕ್ಕವೇ ಹೌದು, ಆದರೆ 800 ಕ್ಯಾಲೊರಿಯ ಅಂತರ ಅಂದಾಜಿನ ತಪ್ಪಿನಿಂದ ಬರುವುದಿಲ್ಲ. ತೂಕ ಇಳಿಸುವ ಪಥ್ಯ ಇಂದೇ ನಿಲ್ಲಿಸಿ. ಮುಂದೆಂದಾದರೂ ಇಳಿಸಲೇಬೇಕಾದರೆ ಫೆರಿಟಿನ್ 35 ದಾಟಿದ ಮೇಲೆ, ಪಂದ್ಯಗಳಿಲ್ಲದ ಕಾಲದಲ್ಲಿ, ವಾರಕ್ಕೆ ಮೈತೂಕದ ಶೇ. 0.5 ಮೀರದಂತೆ ಇಳಿಸಿ.

ಪ್ರಶ್ನೆ: ಫೆರಸ್ ಸಲ್ಫೇಟ್ ಮಾತ್ರೆ ದಿನಕ್ಕೆರಡು ಬರೆದುಕೊಟ್ಟಿದ್ದಾರೆ. ಹೊಟ್ಟೆ ತೊಳಸುತ್ತದೆ, ಮಲಬದ್ಧತೆ ಬೇರೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ತೆಗೆದುಕೊಳ್ಳುವ ಕ್ರಮ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಲವಣದ ತೂಕ, ಕಬ್ಬಿಣದ್ದಲ್ಲ. 200 ಮಿ.ಗ್ರಾಂ ಒಣ ಫೆರಸ್ ಸಲ್ಫೇಟಿನಲ್ಲಿ, ಹಾಗೆಯೇ 200 ಮಿ.ಗ್ರಾಂ ಫೆರಸ್ ಫ್ಯೂಮರೇಟಿನಲ್ಲಿ ಕಬ್ಬಿಣ ಸುಮಾರು 65 ಮಿ.ಗ್ರಾಂ, 300 ಮಿ.ಗ್ರಾಂ ಗ್ಲುಕೋನೇಟಿನಲ್ಲಿ 35. ಒಮ್ಮೆಗೆ 60 ಮಿ.ಗ್ರಾಂ ಕಬ್ಬಿಣ ಒಳಹೋದರೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಹಾಗೇ ಇರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಸಂಜೆಯದ್ದಕ್ಕೆ ಅಡ್ಡ ನಿಲ್ಲುತ್ತದೆ. ಹೀರಿಕೆಯಾಗದೆ ಕರುಳಿನಲ್ಲಿ ಉಳಿದ ಕಬ್ಬಿಣವೇ ನಿಮ್ಮ ಹೊಟ್ಟೆ ಕೆಡಿಸುತ್ತಿರುವುದು. ರಕ್ತಹೀನತೆ ಇಲ್ಲದ ಕೊರತೆಗೆ ದಿನಬಿಟ್ಟು ದಿನ ಒಂದೇ ಮಾತ್ರೆ ಎಂಬ ಕ್ರಮ ಎಷ್ಟೋ ಜನರಿಗೆ ಒಗ್ಗುತ್ತದೆ. ರಕ್ತಹೀನತೆ ತೀವ್ರವಾಗಿದ್ದರೆ ಮಾತ್ರ ಕ್ರಮವನ್ನು ವೈದ್ಯರೇ ನಿರ್ಧರಿಸಲಿ.

ಹೊತ್ತು ಬೆಳಗಿನದ್ದೇ ಇರಲಿ. ಬೆಳಿಗ್ಗೆ ತಾಲೀಮಿದ್ದರೆ ಅದಕ್ಕೆ ಮುಂಚೆ, ಇಲ್ಲವೇ ಮುಗಿದ ಅರ್ಧ ಗಂಟೆಯೊಳಗೆ, ಅಂದರೆ ಹೆಪ್ಸಿಡಿನ್ ಏರುವ ಮೊದಲೇ ತೆಗೆದುಕೊಳ್ಳಿ. ಜೊತೆಗೆ ಸಿ ಜೀವಸತ್ವವಿರುವ ಹಣ್ಣು ಒಳ್ಳೆಯದು. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಒಂದೆರಡು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಮಲ ಕಪ್ಪಾಗುವುದು ಸಹಜ, ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಬಂದರೆ ಕೂಡಲೇ ವೈದ್ಯರಲ್ಲಿಗೆ ಹೋಗಿ.

8ರಿಂದ 10 ವಾರಗಳ ಬಳಿಕ ಮರುಪರೀಕ್ಷೆ ಮಾಡಿಸಿ. ಫೆರಿಟಿನ್ ಕದಲದಿದ್ದರೆ ಮಾತ್ರೆ ಹೆಚ್ಚಿಸುವ ಮೊದಲು ಕಾರಣ ಹುಡುಕಬೇಕು: ಅತಿಯಾದ ಮುಟ್ಟಿನ ಸ್ರಾವ, ಪದೇಪದೇ ನುಂಗುವ ನೋವಿನ ಮಾತ್ರೆ, ಆಮ್ಲ ತಗ್ಗಿಸುವ ಔಷಧ, ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವುದು), ಜಠರದ ಎಚ್. ಪೈಲೋರಿ ಸೋಂಕು. ಇತ್ತೀಚಿನ ರಕ್ತದಾನವನ್ನೂ ಮರೆಯದೆ ಹೇಳಿ. ಒಂದು ಸಲದ ದಾನದಲ್ಲಿ 200ರಿಂದ 250 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ಗಂಡಸರಲ್ಲಿ ಕೊರತೆ ಕಂಡರೆ ಕರುಳಿನ ರಕ್ತಸ್ರಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು. ಡ್ರಿಪ್ ಮೂಲಕ ಕಬ್ಬಿಣ ಕೊಡಿಸುವ ಆತುರ ಬೇಡ. ಕಬ್ಬಿಣ ನಿಷೇಧಿತವಲ್ಲ, ಆದರೆ 12 ಗಂಟೆಯಲ್ಲಿ 100 ಮಿ.ಲೀ. ಮೀರಿದ ಡ್ರಿಪ್‌ಗೆ, ಆಸ್ಪತ್ರೆಯ ಚಿಕಿತ್ಸೆಯಂಥ ಸಂದರ್ಭ ಬಿಟ್ಟರೆ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಯಮದಂತೆ ಪೂರ್ವಾನುಮತಿ ಬೇಕು.

ಪ್ರಶ್ನೆ: ಎರಡು ತಿಂಗಳ ಹಿಂದೆ ಫೆರಿಟಿನ್ 28 ಇತ್ತು. ಪಂದ್ಯಾವಳಿ ಮುಗಿದ ಮರುದಿನ, ನೆಗಡಿ ಜ್ವರದಲ್ಲಿ ಪರೀಕ್ಷಿಸಿದರೆ 95. ಔಷಧವಿಲ್ಲದೆ ಸರಿಹೋಯಿತೇ?

ಉತ್ತರ: ಇಲ್ಲ. ಉರಿಯೂತ, ಸೋಂಕು, ಸ್ನಾಯುವಿನ ಪೆಟ್ಟು, ಯಾವುದಿದ್ದರೂ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಕಾಯಿಲೆ ವಾಸಿಯಾದ ಮೇಲೆ, ಒಂದೆರಡು ದಿನ ಕಠಿಣ ತಾಲೀಮು ಬಿಟ್ಟು, ಬೆಳಿಗ್ಗೆ, ನೀರು ಸಾಕಷ್ಟು ಕುಡಿದು ಮತ್ತೆ ರಕ್ತ ಕೊಡಿ. ಜೊತೆಗೆ ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಸಿ.ಆರ್.ಪಿ. ಕೂಡ ನೋಡಿಸಿ, ಅದು ಹೆಚ್ಚಿದ್ದರೆ ಫೆರಿಟಿನ್ ಅಂಕಿಯನ್ನು ನಂಬುವಂತಿಲ್ಲ. ಹಿಮೋಗ್ಲೋಬಿನ್ ಕೂಡ ಮೋಸ ಮಾಡಬಲ್ಲದು: ತಾಲೀಮು ಹೆಚ್ಚಿಸಿದಾಗ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹಿಗ್ಗಿ ರಕ್ತ ತೆಳುವಾಗುವುದರಿಂದ ಅಂಕಿ ತುಸು ಇಳಿಯುತ್ತದೆ, ಅದು ರೋಗವಲ್ಲ.

ಪ್ರಶ್ನೆ: ಕೊಬ್ಬು ತೋರಿಸುವ ತೂಕದ ಯಂತ್ರದಲ್ಲಿ ಒಂದೇ ದಿನದಲ್ಲಿ ಸ್ನಾಯು ಒಂದೂವರೆ ಕಿಲೋ ಕಡಿಮೆ ಬಂತು. ಹೀಗಾಗಲು ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ. ಆ ಯಂತ್ರ ಅಳೆಯುವುದು ಮೈಯಲ್ಲಿ ಸಣ್ಣ ವಿದ್ಯುತ್ತಿಗೆ ಎದುರಾಗುವ ತಡೆಯನ್ನು. ಅದರಿಂದ ನೀರನ್ನು ಅಂದಾಜಿಸಿ, ಕೊಬ್ಬಿಲ್ಲದ ಭಾಗದಲ್ಲಿ ಶೇ. 73ರಷ್ಟು ನೀರಿದೆ ಎಂದು ಹಿಡಿದು ಉಳಿದದ್ದನ್ನು ಊಹಿಸುತ್ತದೆ. ಬೆವರಿ ನೀರು ಕಳೆದುಕೊಂಡಿದ್ದರೆ ಅದನ್ನೇ ಸ್ನಾಯು ಹೋಯಿತೆಂದು ತೋರಿಸುತ್ತದೆ. ನುರಿತ ಒಬ್ಬರೇ ಪ್ರತಿ ಸಲವೂ ಕ್ಯಾಲಿಪರ್‌ನಿಂದ ಎಂಟು ಜಾಗದ ಚರ್ಮದ ಮಡಿಕೆ ಅಳೆದು, ಮಿಲಿಮೀಟರುಗಳ ಮೊತ್ತವನ್ನು ಹಾಗೇ ಬರೆದಿಡುವುದು ಇದಕ್ಕಿಂತ ಭರವಸೆಯದ್ದು. ಅದನ್ನು ಶೇಕಡಾಕ್ಕೆ ತಿರುಗಿಸಲು ಹೋದರೆ ತಪ್ಪು ಹೆಚ್ಚುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು.

ಪ್ರಶ್ನೆ: ಮಗಳಿಗೆ 16 ವರ್ಷ, ಓಟಗಾರ್ತಿ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ‘ಸಣ್ಣಗಾದರೆ ಹೀಗಾಗುವುದು ಮಾಮೂಲು, ಕಬ್ಬಿಣವೂ ಉಳಿಯುತ್ತದೆ’ ಎನ್ನುತ್ತಾರೆ ಕೋಚ್. ಕಾಯೋಣವೇ?

ಉತ್ತರ: ಕಾಯಬೇಡಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿ.ಲೀ., ಕಬ್ಬಿಣ 15ರಿಂದ 20 ಮಿ.ಗ್ರಾಂ. ಇಷ್ಟು ಉಳಿತಾಯಕ್ಕೆ ತೆರುವ ಬೆಲೆ ಮೂಳೆಯದ್ದು, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಆಗುತ್ತಿದ್ದ ಮುಟ್ಟು ಮೂರು ತಿಂಗಳು ತಪ್ಪಿದರೇ ವೈದ್ಯರನ್ನು ಕಾಣಬೇಕು. ಗರ್ಭ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಪರೀಕ್ಷಿಸಿದ ಮೇಲೆ ಉಳಿಯುವ ದೊಡ್ಡ ಶಂಕೆ, ದೇಹಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್ಸ್ ಎಂದು ಹೆಸರಿಟ್ಟ ಸ್ಥಿತಿ ಇದೇ. ಮುಟ್ಟು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಹಾರ್ಮೋನು ಮಾತ್ರೆ ಕೊಟ್ಟು ರಕ್ತಸ್ರಾವ ತರಿಸಿದರೆ ಮುಟ್ಟು ಮರಳಿತು ಎಂದಲ್ಲ. ಮೂಲ ಕಾರಣ ಮುಚ್ಚಿಹೋಗುತ್ತದೆ ಅಷ್ಟೆ. ಮುನ್ನೆಚ್ಚರಿಕೆಗೆಂದು ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆಯನ್ನೂ ಕೊಡಬೇಡಿ. ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ತೊಂದರೆ ಇದ್ದವರ ಮೈಯಲ್ಲಿ ಕಬ್ಬಿಣ ಸೇರುತ್ತಲೇ ಹೋಗಿ ಯಕೃತ್ತು, ಹೃದಯ ಕೆಡುತ್ತವೆ. ಈಗ ಮಾಡಬೇಕಾದದ್ದು: ದಿನದ ಊಟಕ್ಕೆ 300ರಿಂದ 500 ಕ್ಯಾಲೊರಿ ಸೇರಿಸಿ, ತಾಲೀಮಿಗೆ ಮೊದಲೂ ಆಮೇಲೂ ಪಿಷ್ಟ ಇರುವ ಆಹಾರ ಕೊಡಿ, ವಾರಕ್ಕೊಂದು ದಿನವಾದರೂ ಪೂರ್ತಿ ವಿಶ್ರಾಂತಿ ಇರಲಿ, ತೂಕ ನೋಡುವುದನ್ನು ನಿಲ್ಲಿಸಿ. ಮುಟ್ಟು ಮರಳಲು ತಿಂಗಳುಗಳೇ ಹಿಡಿಯಬಹುದು. ಈ ನಡುವೆ ಮೊಣಕಾಲ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ಒಂದೇ ಬಿಂದುವಿನಲ್ಲಿ, ಒತ್ತಿದರೆ ಚುಚ್ಚುವಂಥ ನೋವು ಕಂಡರೆ ಅಂದೇ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವು ಮುಂದುವರಿದರೆ ಎಂ.ಆರ್.ಐ. ಬೇಕೇ ಎಂದು ಕೇಳಿ.