ಓದುಗರ ಪ್ರಶ್ನೆ: ನಷ್ಟದ ಕಂಪನಿ ತನ್ನ ಸ್ಪೋರ್ಟ್ಸ್ ಕಾರನ್ನು ಮಾರಲು ಹೊರಟಾಗ

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಎಂ.ಬಿ.ಎ. ಓದುತ್ತಿದ್ದೇನೆ. ಅಮೆರಿಕದ ಕ್ರೈಸ್ಲರ್ ಕಂಪನಿಯು 2008ರಲ್ಲಿ ತನ್ನ ಡಾಡ್ಜ್ ವೈಪರ್ ಎಂಬ ಸ್ಪೋರ್ಟ್ಸ್ ಕಾರಿನ ವಿಭಾಗವನ್ನು ಮಾರುವ ಯೋಚನೆ ಮಾಡಿತ್ತೆಂದು ತರಗತಿಯಲ್ಲಿ ಚರ್ಚೆಗೆ ಬಂತು. ಕಂಪನಿಗೆ ಹೆಸರು ತಂದ ಕಾರನ್ನೇ ಮಾರಲು ಹೊರಟದ್ದೇಕೆ? ಕೊನೆಗೆ ಅದು ಮಾರಾಟವಾಗದೆ ಉಳಿದದ್ದೇಕೆ?

ಉತ್ತರ: ಮೊದಲು ಆ ವರ್ಷದ ಪರಿಸ್ಥಿತಿಯನ್ನು ನೋಡಬೇಕು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಕ್ರೈಸ್ಲರ್‌ನ ವ್ಯಾಪಾರ ನಿಂತಿದ್ದದ್ದು ಹೆಚ್ಚು ಪೆಟ್ರೋಲ್ ಕುಡಿಯುವ ಪಿಕಪ್, ಜೀಪ್ ಮತ್ತು ಮಿನಿವ್ಯಾನ್‌ಗಳ ಮೇಲೆ. ಅದರ ಒಡೆತನ ಹೊಂದಿದ್ದ ಜರ್ಮನಿಯ ಡೈಮ್ಲರ್ ಹಿಂದಿನ ವರ್ಷವಷ್ಟೇ ಕ್ರೈಸ್ಲರ್‌ನ ಶೇ 80.1ರಷ್ಟು ಪಾಲನ್ನು ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆಗೆ ಒಪ್ಪಿಸಿ ಬಹುಮಟ್ಟಿಗೆ ಕೈತೊಳೆದುಕೊಂಡಿತ್ತು. 2007ರಲ್ಲಿ ಅಮೆರಿಕದಲ್ಲಿ ಸುಮಾರು 20.8 ಲಕ್ಷ ವಾಹನಗಳನ್ನು ಮಾರಿದ್ದ ಕಂಪನಿಯ ಮಾರಾಟ 2008ರಲ್ಲಿ ಸುಮಾರು 14.5 ಲಕ್ಷಕ್ಕೆ ಕುಸಿಯಿತು. ಇಂಥ ಹೊತ್ತಿನಲ್ಲಿ ಆಡಳಿತವು ನಗದಾಗಿ ಬದಲಾಗಬಲ್ಲ ಆಸ್ತಿ ಎಲ್ಲಿದೆಯೆಂದು ಹುಡುಕುವುದು ಸಹಜ. ಆಗಸ್ಟ್ ತಿಂಗಳಲ್ಲಿ ವೈಪರ್ ವಿಭಾಗದ ಮುಂದಿನ ದಾರಿಗಳನ್ನು, ಮಾರಾಟವೂ ಸೇರಿದಂತೆ, ಪರಿಶೀಲಿಸುತ್ತಿರುವುದಾಗಿ ಕಂಪನಿ ಪ್ರಕಟಿಸಿತು.

ವೈಪರ್ ಸಾಮಾನ್ಯ ಕಾರಾಗಿರಲಿಲ್ಲ. 1989ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿಕೊಂಡು, ಜನರ ಒತ್ತಾಯದಿಂದ 1992ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಹತ್ತು ಸಿಲಿಂಡರ್ ಎಂಜಿನ್ 2008ರ ಹೊತ್ತಿಗೆ 8.4 ಲೀಟರ್ ಗಾತ್ರಕ್ಕೂ 600 ಅಶ್ವಶಕ್ತಿಗೂ ಬೆಳೆದಿತ್ತು. ಡೆಟ್ರಾಯಿಟ್‌ನ ಕಾನರ್ ಅವೆನ್ಯೂದಲ್ಲಿದ್ದ ಸಣ್ಣ ಕಾರ್ಖಾನೆಯಲ್ಲಿ ಕೆಲಸಗಾರರು ಬಹುಮಟ್ಟಿಗೆ ಕೈಯಿಂದಲೇ ಅದನ್ನು ಜೋಡಿಸುತ್ತಿದ್ದರು. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇದರ ಮತ್ತೊಂದು ಮುಖದಲ್ಲಿ. ವೈಪರ್ ಎಂಬುದು ಸ್ವತಂತ್ರ ಕಂಪನಿಯಾಗಿರದೆ ಕ್ರೈಸ್ಲರ್‌ನ ಒಳಗಿನ ಒಂದು ವಿಭಾಗವಾಗಿತ್ತು. ಅದರ ಹೊಗೆ ತಪಾಸಣೆ, ಅಪಘಾತ ಪರೀಕ್ಷೆ, ಬಿಡಿಭಾಗಗಳ ಖರೀದಿ, ವಾರಂಟಿ, ಮಾರುವ ಡೀಲರುಗಳು ಎಲ್ಲವೂ ತಾಯಿ ಕಂಪನಿಯವೇ. ಕೊಂಡುಕೊಳ್ಳುವವನಿಗೆ ಒಂದು ಕಾರ್ಖಾನೆ, ಒಂದು ಹೆಸರು, ಒಂದಷ್ಟು ನಕ್ಷೆಗಳು ಸಿಗುತ್ತಿದ್ದವು. ಉಳಿದದ್ದನ್ನೆಲ್ಲ ಅವನು ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಎಂಬ ಅಮೆರಿಕದ ದೊಡ್ಡ ಬ್ಯಾಂಕು ಮುಳುಗಿ ಸಾಲವೇ ಹುಟ್ಟದಂತಾದದ್ದು ನಿಜ. ಆದರೂ ಸಾಲ ಸುಲಭವಾಗಿ ಸಿಗುವ ಕಾಲದಲ್ಲೂ ಈ ವ್ಯವಹಾರ ಕುದುರುವುದು ಕಷ್ಟವಿತ್ತೆಂದೇ ನನ್ನ ಎಣಿಕೆ.

2009ರ ಏಪ್ರಿಲ್ 30ರಂದು ಕ್ರೈಸ್ಲರ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು, ಜೂನ್‌ನಲ್ಲಿ ಫಿಯಟ್‌ನ ಜೊತೆಗೂಡಿ ಹೊಸ ರೂಪದಲ್ಲಿ ಹೊರಬಂತು. ವೈಪರ್ ಮನೆಯಲ್ಲೇ ಉಳಿಯಿತು. 2010ರಲ್ಲಿ ಅದರ ತಯಾರಿಕೆ ನಿಂತಿತು, ಎರಡು ವರ್ಷಗಳ ಬಳಿಕ ಹೊಸ ಮಾದರಿ ಬಂತು, 2017ರಲ್ಲಿ ಅದೂ ನಿಂತು ಕಾನರ್ ಅವೆನ್ಯೂ ಕಾರ್ಖಾನೆಯಲ್ಲಿ ಕಾರು ಜೋಡಣೆಯೇ ಕೊನೆಗೊಂಡಿತು.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಬ್ಯಾಂಕಿನ ಸಾಲ ಕುತ್ತಿಗೆಗೆ ಬಂದಾಗ ನಾವು ಮೊದಲು ಖಾಲಿ ಸೈಟು ಮಾರುತ್ತೇವೆಯೇ ಹೊರತು ಗಿರಣಿಗೆ ಕೈಹಚ್ಚುವುದಿಲ್ಲ. ಲಕ್ಷಾಂತರ ವಾಹನ ಮಾರುವ ಕಂಪನಿಯು ಅಲ್ಪಸಂಖ್ಯೆಯಲ್ಲಿ ತಯಾರಾಗುವ ಕಾರನ್ನು ಮಾರಿ ಸಾಲ ಇಳಿಸಿಕೊಳ್ಳುವುದೂ ಇದೇ ಲೆಕ್ಕವಲ್ಲವೇ?

ಉತ್ತರ: ಖಾಲಿ ಸೈಟು ನೋಂದಣಿಯಾದ ದಿನವೇ ನಿಮ್ಮಿಂದ ಪೂರ್ತಿ ಬೇರೆಯಾಗುತ್ತದೆ, ಕೊಂಡವನಿಗೆ ನಿಮ್ಮ ಗಿರಣಿಯ ಹಂಗಿಲ್ಲ. ಸ್ಪೋರ್ಟ್ಸ್ ಕಾರಿನ ವಿಭಾಗವನ್ನು ಮಾರುವುದು ಗಿರಣಿಯೊಳಗಿನ, ಬಣ್ಣಗೆಟ್ಟ ಅಕ್ಕಿ ಆರಿಸಿ ತೆಗೆಯುವ ಸಾರ್ಟೆಕ್ಸ್ ಯಂತ್ರವನ್ನು ಅದು ನಿಂತ ಜಾಗದಲ್ಲೇ, ನಿಮ್ಮದೇ ಕರೆಂಟು, ನಿಮ್ಮದೇ ಅಕ್ಕಿಯ ಮೇಲೆ ನಡೆಯಬೇಕಾದ ಸ್ಥಿತಿಯಲ್ಲೇ ಬೇರೊಬ್ಬನಿಗೆ ಮಾರಿದ ಹಾಗೆ. ಬೆಲೆ ಬರುತ್ತದೆ, ಆದರೆ ಕಡಿಮೆ ಬರುತ್ತದೆ, ಸಂಬಂಧವೂ ಹರಿಯುವುದಿಲ್ಲ.

ಫೋರ್ಡ್ ಕಂಪನಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅದು 2007ರಲ್ಲಿ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಕಂಪನಿ ಆಸ್ಟನ್ ಮಾರ್ಟಿನ್ ಅನ್ನು ಡೇವಿಡ್ ರಿಚರ್ಡ್ಸ್ ಮುಂದಾಳತ್ವದ, ಕುವೈತ್ ಹಣದ ಬೆಂಬಲವಿದ್ದ ಗುಂಪಿಗೆ ಸುಮಾರು 47.9 ಕೋಟಿ ಪೌಂಡ್ ಲೆಕ್ಕದಲ್ಲಿ ಮಾರಿತು. ಆಸ್ಟನ್‌ಗೆ ತನ್ನದೇ ಕಾರ್ಖಾನೆ, ತನ್ನದೇ ಡೀಲರುಗಳು, ದಶಕಗಳ ಹೆಸರು ಇದ್ದುದರಿಂದಲೇ ಅಷ್ಟು ಬೆಲೆ ಸಿಕ್ಕಿತು. ಹಾಗಿದ್ದೂ ಅದರ ಎಂಜಿನ್‌ಗಳು ಮಾರಾಟದ ನಂತರವೂ ಜರ್ಮನಿಯ ಕಲೋನ್‌ನಲ್ಲಿರುವ ಫೋರ್ಡ್ ಕಾರ್ಖಾನೆಯ ಆವರಣದಿಂದಲೇ ಬರಬೇಕಾಯಿತು. ಮರುವರ್ಷ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡೂ ಸೇರಿ 230 ಕೋಟಿ ಡಾಲರ್‌ಗೆ ನಮ್ಮ ಟಾಟಾ ಮೋಟರ್ಸ್ ಪಾಲಾದವು. ಈಗ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಡಿ: 2006ರ ಕೊನೆಗೆ ಫೋರ್ಡ್ ತನ್ನ ಕಾರ್ಖಾನೆಗಳನ್ನೂ, ನೀಲಿ ಲಾಂಛನವನ್ನೂ ಒತ್ತೆಯಿಟ್ಟು ಹೊಂದಿಸಿಕೊಂಡ ಸಾಲ 2,360 ಕೋಟಿ ಡಾಲರ್. ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿಯಾದಾಗಲೂ ಫೋರ್ಡ್ ನಿಂತದ್ದು ಮುಖ್ಯವಾಗಿ ಆ ಸಾಲದ ಬಲದಿಂದ. ಮಾರಾಟಗಳಿಂದ ಆದ ನಿಜವಾದ ಲಾಭವೆಂದರೆ ಆಡಳಿತದ ಗಮನ ಮತ್ತು ಎಂಜಿನಿಯರುಗಳ ಸಮಯ ಮುಖ್ಯ ಕಾರುಗಳ ಕಡೆಗೆ ತಿರುಗಿದ್ದು. ಅದು ಸಣ್ಣ ಲಾಭವೇನಲ್ಲ, ಆದರೆ ಸಾಲ ತೀರಿಸುವ ಲಾಭ ಅದಲ್ಲ.

ಮಾರದೆ ರಿಪೇರಿ ಮಾಡುವ ದಾರಿಯೂ ಇದೆ. 1990ರ ದಶಕದ ಆರಂಭದಲ್ಲಿ ಪೋರ್ಷೆ ಮುಳುಗುವ ಹಂತದಲ್ಲಿತ್ತು. ಅದರ ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್, ವ್ಯರ್ಥ ತಪ್ಪಿಸುವ ಟೊಯೊಟಾ ತಯಾರಿಕಾ ಪದ್ಧತಿ ಬಲ್ಲ ಜಪಾನಿ ತಜ್ಞರನ್ನು ಕರೆಸಿ ಕಾರ್ಖಾನೆಯ ಕೆಲಸದ ಕ್ರಮವನ್ನೇ ಬದಲಿಸಿದರು. 1996ರ ಬಾಕ್ಸ್‌ಸ್ಟರ್ ಕಾರು ಮತ್ತು ಅದರ ಬೆನ್ನಿಗೇ ಬಂದ ಹೊಸ 911 ಹಲವು ಭಾಗಗಳನ್ನು ಹಂಚಿಕೊಂಡವು. ಸ್ಪೋರ್ಟ್ಸ್ ಕಾರು ಕೈಬಿಡದೆ ಕಂಪನಿ ಚೇತರಿಸಿಕೊಂಡಿತು.

ಪ್ರಶ್ನೆ: ತೋರಣಗಲ್ಲಿನಲ್ಲಿ ಕಾರುಗಳಿಗೆ ಬೇಕಾದ ಉಕ್ಕಿನ ಹಾಳೆ ತಯಾರಾಗುತ್ತದೆ. ಜಗತ್ತಿನಲ್ಲಿ ಎಲ್ಲೋ ಒಂದು ಸ್ಪೋರ್ಟ್ಸ್ ಕಾರು ನಿಂತರೆ ನಮ್ಮ ಭಾಗದ ಉಕ್ಕಿಗೆ ಹೊಡೆತ ಬೀಳುತ್ತದೆಯೇ? (ಸಂಡೂರಿನ ಓದುಗರು)

ಉತ್ತರ: ಇಲ್ಲ. ಅಂಥ ಕಾರುಗಳ ಸಂಖ್ಯೆ ತೀರಾ ಕಡಿಮೆ. ಅದರಲ್ಲೂ ವೈಪರ್‌ನ ಹೊರಮೈ ಬಹುಪಾಲು ಪ್ಲಾಸ್ಟಿಕ್ ಮಿಶ್ರಣದ್ದಾಗಿತ್ತು. ಉಕ್ಕಿನ ಬೇಡಿಕೆ ಅಲುಗುವುದು ಸಾಮಾನ್ಯ ಜನರು ಕೊಳ್ಳುವ ಕಾರುಗಳ ಮಾರಾಟ ಕುಸಿದಾಗ.

ಪ್ರಶ್ನೆ: ಇಟಲಿಯ ಸ್ಪೋರ್ಟ್ಸ್ ಕಾರು ಕಂಪನಿ ಲ್ಯಾಂಬೋರ್ಗಿನಿ ಹಲವು ಸಲ ಕೈ ಬದಲಿಸಿಯೂ ಉಳಿದುಕೊಂಡಿತಲ್ಲ, ಹೇಗೆ? (ರಾಯಚೂರಿನ ಓದುಗರು)

ಉತ್ತರ: ಅದು 1978ರಲ್ಲಿ ದಿವಾಳಿಯಾಯಿತು, 1987ರಲ್ಲಿ ಇದೇ ಕ್ರೈಸ್ಲರ್ ಅದನ್ನು ಕೊಂಡಿತು. ವೈಪರ್‌ಗೆಂದು ಹತ್ತು ಸಿಲಿಂಡರ್ ಎಂಜಿನ್‌ನ ಅಲ್ಯೂಮಿನಿಯಂ ರೂಪವನ್ನು ಸಿದ್ಧಪಡಿಸುವಲ್ಲಿ ನೆರವಾದದ್ದು ಲ್ಯಾಂಬೋರ್ಗಿನಿಯೇ. 1994ರಲ್ಲಿ ಕ್ರೈಸ್ಲರ್ ಅದನ್ನು ಇಂಡೊನೇಷ್ಯಾದ ಮೆಗಾಟೆಕ್‌ಗೆ ಮಾರಿತು, 1998ರಲ್ಲಿ ಜರ್ಮನಿಯ ಕಾರು ಕಂಪನಿ ಆಡಿ ಕೊಂಡಿತು. ಅಲ್ಲಿಯವರೆಗೆ ವರ್ಷಕ್ಕೆ ಕೆಲವು ನೂರು ಕಾರುಗಳನ್ನಷ್ಟೇ ಮಾಡುತ್ತಿದ್ದ ಕಂಪನಿ, 2003ರಲ್ಲಿ ಆರಂಭಿಸಿದ ಗಲ್ಲಾರ್ಡೊ ಎಂಬ ಒಂದೇ ಮಾದರಿಯನ್ನು ಹತ್ತು ವರ್ಷಗಳಲ್ಲಿ 14,022 ತಯಾರಿಸಿತು. ಆಡಿಯ ವಿದ್ಯುತ್ ಉಪಕರಣ, ಖರೀದಿ ವ್ಯವಸ್ಥೆ, ಗುಣಮಟ್ಟದ ಶಿಸ್ತು ಸಿಗದೆ ಇದು ಆಗುತ್ತಿರಲಿಲ್ಲ. ಹಲವು ಒಡೆಯರ ಕೈಯಲ್ಲಿ ನೆಲೆ ಕಾಣದ, ಕ್ರೈಸ್ಲರ್ ಕೂಡ ಕೊನೆಗೆ ಮಾರಿಬಿಟ್ಟ ಕಂಪನಿ, ತನ್ನ ವ್ಯವಸ್ಥೆಯನ್ನು ಹಂಚಿಕೊಂಡ ಆಡಿಯಂಥ ದೊಡ್ಡ ಕಾರು ಕಂಪನಿಯನ್ನು ಸೇರಿದಾಗ ನೆಲೆ ಕಂಡಿತು. ಇಂಥ ಕಾರಿಗೆ ದೊಡ್ಡ ಕಂಪನಿಯ ಆಸರೆ ಬೇಕೆಂಬುದಕ್ಕೆ ಇದನ್ನು ನಾನು ಮುಖ್ಯ ಸಾಕ್ಷ್ಯವೆಂದು ಭಾವಿಸುತ್ತೇನೆ.

ಪ್ರಶ್ನೆ: ಕೊಪ್ಪಳದ ಬಳಿ ಫೌಂಡ್ರಿಯೊಂದರ ಪ್ಯಾಟರ್ನ್ ವಿಭಾಗದಲ್ಲಿದ್ದೇನೆ. ಒಂದು ಎಂಜಿನ್‌ಗೆಂದೇ ಮಾಡಿದ ಪ್ಯಾಟರ್ನ್ (ಎರಕದ ಅಚ್ಚು ಮೂಡಿಸುವ ಮಾದರಿ), ಕೋರ್ ಬಾಕ್ಸ್‌ಗಳು (ಎರಕದೊಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ ತಯಾರಿಸುವ ಪೆಟ್ಟಿಗೆಗಳು) ಆ ವಾಹನದ ವಿಭಾಗ ಮಾರಾಟವಾದರೆ ಯಾರಿಗೆ ಸೇರುತ್ತವೆ? ಅವುಗಳ ಮೇಲೆ ಕೈ ಪಳಗಿದವರ ಗತಿಯೇನು?

ಉತ್ತರ: ಸಾಮಾನ್ಯವಾಗಿ ಇವುಗಳ ವೆಚ್ಚವನ್ನು ವಾಹನ ಕಂಪನಿಯೇ ಭರಿಸಿರುತ್ತದೆ, ನಿಮ್ಮ ಶೆಡ್ಡಿನಲ್ಲಿದ್ದರೂ ಒಡೆತನ ಅದರದ್ದೇ. ವಿಭಾಗ ಮಾರಾಟವಾದಾಗ ಅವು ಪಟ್ಟಿಯಾಗಿ ಹೊಸಬನಿಗೆ ಸೇರುತ್ತವೆ, ಅವನು ಬೇಕೆಂದರೆ ಬೇರೆ ಫೌಂಡ್ರಿಗೂ ಒಯ್ಯಬಹುದು. ಪಟ್ಟಿಗೆ ಸಿಗದ್ದು ನಿಮ್ಮ ಕೈಯ ಅನುಭವ. ಸಿಲಿಂಡರ್ ಬ್ಲಾಕ್‌ನೊಳಗೆ ನೀರು ಹರಿಯುವ ಜಾಗಕ್ಕೆ ಇಡುವ ಮರಳಿನ ಕೋರ್ ಎಷ್ಟು ತೆಳುವೆಂದು ನಿಮಗೇ ಗೊತ್ತು. ಕಾದ ಲೋಹ ಸುರಿದಾಗ ಕೋರ್‌ನ ಅನಿಲ ಹೊರಹೋಗದಿದ್ದರೆ ಒಳಗೆ ಗಾಳಿಗುಳ್ಳೆ ನಿಲ್ಲುತ್ತದೆ, ಕೋರ್ ಕೂದಲೆಳೆ ಸರಿದರೂ ಗೋಡೆ ಒಂದೆಡೆ ತೆಳುವಾಗುತ್ತದೆ, ದೋಷ ಬಯಲಾಗುವುದು ಬ್ಲಾಕು ಮಷಿನಿಂಗ್‌ಗೆ ಹೋದ ಮೇಲೆ. ಯಾವ ಪ್ಯಾಟರ್ನ್ ಎಲ್ಲಿ ತೊಂದರೆ ಕೊಡುತ್ತದೆಂಬುದು ವರ್ಷಗಟ್ಟಲೆ ಅದರ ಮುಂದೆ ನಿಂತವರಿಗೆ ಮಾತ್ರ ತಿಳಿದಿರುತ್ತದೆ, ನಕ್ಷೆಯಲ್ಲಿ ಬರೆದಿರುವುದಿಲ್ಲ.

ಬ್ರಿಟನ್ನಿನ ಎಂಜಿ ರೋವರ್ ಇದಕ್ಕೆ ನೋವಿನ ಉದಾಹರಣೆ. 2005ರ ಏಪ್ರಿಲ್‌ನಲ್ಲಿ ಕಂಪನಿ ಕುಸಿದಾಗ ಲಾಂಗ್‌ಬ್ರಿಜ್ ಕಾರ್ಖಾನೆಯ ಸುಮಾರು ಆರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಚೀನಾದ ನಾನ್ಜಿಂಗ್ ಆಟೊಮೊಬೈಲ್ ಆಸ್ತಿಯನ್ನು ಕೊಂಡು ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ಸಾಗಿಸಿತು. ಎಂಜಿ ಟಿಎಫ್ ಎಂಬ ಸ್ಪೋರ್ಟ್ಸ್ ಕಾರಿನ ಜೋಡಣೆ 2008ರಲ್ಲಿ ಲಾಂಗ್‌ಬ್ರಿಜ್‌ನಲ್ಲಿ ಮತ್ತೆ ಶುರುವಾಯಿತಾದರೂ ಸಣ್ಣ ಪ್ರಮಾಣದಲ್ಲಿ, ಹಳೆಯ ಕೆಲಸಗಾರರಲ್ಲಿ ಅಲ್ಪ ಭಾಗಕ್ಕೆ ಮಾತ್ರ ಅವಕಾಶ ಕೊಟ್ಟು. 2011ರಲ್ಲಿ ಆ ಕಾರೂ ನಿಂತಿತು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಕಾರುಗಳು ಹೊತ್ತಿರುವುದು ಅದೇ ಹೆಸರನ್ನು.

ಆದ್ದರಿಂದ ನಿಮ್ಮ ಫೌಂಡ್ರಿಯವರು ಹೊಸ ಆರ್ಡರ್ ಒಪ್ಪುವಾಗ ಮೂರು ಸಂಗತಿಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು: ವಿಭಾಗ ಮಾರಾಟವಾದರೆ ಬಾಕಿ ಹಣಕ್ಕೆ ಹೊಣೆ ಯಾರು, ನೀವು ಸ್ವಂತ ಖರ್ಚಿನಲ್ಲಿ ಪ್ಯಾಟರ್ನ್‌ಗೆ ಮಾಡಿದ ತಿದ್ದುಪಡಿಯ ಬೆಲೆ ಹೇಗೆ ವಾಪಸಾಗುತ್ತದೆ, ಮತ್ತು ವಾಹನ ನಿಂತ ಮೇಲೆ ಬಿಡಿಭಾಗಕ್ಕೆಂದು ಎಷ್ಟು ವರ್ಷ ಎರಕ ಪೂರೈಸಬೇಕು. ಕೊನೆಯದು ನಿಮ್ಮ ವಿಭಾಗದವರಿಗೆ ಹೆಚ್ಚು ಮುಖ್ಯ, ಏಕೆಂದರೆ ವಾಹನ ನಿಂತ ನಂತರವೂ ಆ ಪ್ಯಾಟರ್ನ್ ಬಲ್ಲವರಿಗೆ ಕೆಲಸ ಉಳಿಯುವುದು ಆ ಷರತ್ತಿನಿಂದ.