‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಬೇಡಿ

ಪ್ರಶ್ನೆ: ಎಂಟನೇ ತರಗತಿಯ ಹುಡುಗಿಯೊಬ್ಬಳು, ಮನೆಗೆ ಬರುವ ನೆಂಟರೊಬ್ಬರು ಮೈಮುಟ್ಟಿ ಕಾಡುತ್ತಾರೆಂದು ನನ್ನ ಬಳಿ ಹೇಳಿಕೊಂಡಳು. ಯಾರಿಗೂ ಹೇಳಬೇಡಿ ಟೀಚರ್ ಎಂದಳು, ಒಪ್ಪಿಕೊಂಡೆ. ಮುಖ್ಯೋಪಾಧ್ಯಾಯರು ‘ಮೊದಲು ನಾವೇ ವಿಚಾರಿಸೋಣ, ಶಾಲೆಯ ಹೆಸರು ಕೆಡುತ್ತದೆ’ ಎನ್ನುತ್ತಾರೆ. ಅವಳ ನಂಬಿಕೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಇಂದೇ ಪೊಲೀಸರಿಗೆ ತಿಳಿಸಿ. ಇದನ್ನು ಓದುವುದು ಆಮೇಲಾಗಲಿ.

ಇದೇ ಪ್ರಶ್ನೆ ಹೆಸರು, ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಪ್ರತಿ ಬಾರಿಯೂ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಪತ್ರ ನನ್ನ ಕೈ ಸೇರುವಷ್ಟರಲ್ಲಿ ಆ ಮಗು ಇನ್ನೂ ಎಷ್ಟೋ ಸಂಜೆಗಳನ್ನು ಅದೇ ಮನೆಯಲ್ಲಿ ಕಳೆದಿರುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ವಿಷಯ ತಿಳಿದ ಪ್ರತಿಯೊಬ್ಬರ ಮೇಲೂ ಹೊಣೆ ಹೊರಿಸುತ್ತದೆ. ಸ್ಥಳೀಯ ಠಾಣೆಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರು ಎಸಗಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ. ಮುಖ್ಯೋಪಾಧ್ಯಾಯರ ಅನುಮತಿ ಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ನಿಲ್ಲದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೆರವು ಕೇಳಿ, ಆದರೆ ಪೊಲೀಸರಿಗೆ ತಿಳಿಸುವ ಹೊಣೆ ಅದರಿಂದ ತೀರಿತೆಂದುಕೊಳ್ಳಬೇಡಿ.

ಶಾಲೆಯೊಳಗಿನ ‘ವಿಚಾರಣೆ’ಯ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗಿಯನ್ನು ಕಚೇರಿಗೆ ಕರೆಸಿ ನಾಲ್ಕು ಜನ ಸುತ್ತ ಕುಳಿತು ಅದನ್ನೇ ನಾಲ್ಕು ಸಲ ಹೇಳಿಸಿದರು. ಅವಳು ಲಂಗದ ಅಂಚಿನ ದಾರವನ್ನು ಎಳೆಯುತ್ತಾ ನಿಂತಿದ್ದಳು. ಐದನೇ ಸಲ ‘ಏನೂ ಆಗಿಲ್ಲ ಸರ್’ ಎಂದಳು. ಅಷ್ಟಕ್ಕೇ ವಿಷಯ ಮುಗಿಯಿತೆಂದು ಎಲ್ಲರೂ ಎದ್ದರು. ನೀವು ಕೆದಕಬೇಡಿ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ, ದಿನಾಂಕ ಮತ್ತು ವೇಳೆ ಸಹಿತ ಬರೆದಿಡಿ. ಶಿಕ್ಷಕರ ಕೊಠಡಿಯಲ್ಲಿ ಬಾಯಿ ಬಿಡಬೇಡಿ. ಆ ನೆಂಟರನ್ನು ಕರೆಸಿ ಗದರಿಸಲೂ ಹೋಗಬೇಡಿ.

ಇನ್ನು ಕೊಟ್ಟ ಮಾತು. ಠಾಣೆಗೆ ತಿಳಿಸುವ ಮೊದಲೇ ಅವಳ ಪಕ್ಕ ಕುಳಿತು ಹೇಳಿ: ‘ಗುಟ್ಟಾಗಿ ಇಡುತ್ತೇನೆ ಎಂದದ್ದು ನನ್ನ ತಪ್ಪು. ನಿನ್ನನ್ನು ಕಾಪಾಡಲು ಕೆಲವರಿಗೆ ಹೇಳಲೇಬೇಕು. ಯಾರಿಗೆ ಎಂದು ನಿನಗೆ ಮೊದಲು ತಿಳಿಸುತ್ತೇನೆ.’ ಮುಂದೆ ಏನಾಗುತ್ತದೆ ಎಂಬುದನ್ನೂ ವಿವರಿಸಿ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಅವಳು ನಂಬುವ ಒಬ್ಬರು ಜೊತೆಗಿರಬಹುದು; ಆ ಒಬ್ಬರು ನೀವಾಗಲು ಸಿದ್ಧರಾಗಿ. ಅವಳು ಕೆಲವು ದಿನ ನಿಮ್ಮೊಡನೆ ಮಾತು ಬಿಡಬಹುದು. ಬಿಡಲಿ. ದಿನವೂ ಎಂದಿನಂತೆ ಅವಳ ನೋಟ್‌ಬುಕ್ ತಿದ್ದಿ ಕೊಡಿ.

ಪ್ರಶ್ನೆ: ಒಂದೇಟು ಹಾಕದಿದ್ದರೆ ಮಕ್ಕಳು ಹೆದರುವುದೇ ಇಲ್ಲವಲ್ಲ?

ಉತ್ತರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೆದರಿದ ಮಗು ನಿಮ್ಮ ಬಳಿ ಏನನ್ನೂ ಹೇಳಿಕೊಳ್ಳುವುದಿಲ್ಲ.

ಪ್ರಶ್ನೆ: ರಾತ್ರಿ ವಿದ್ಯಾರ್ಥಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಖಾಸಗಿಯಾಗಿ ಧೈರ್ಯ ಹೇಳಬಹುದೇ?

ಉತ್ತರ: ಬೇಡ. ಬೆಳಗ್ಗೆ, ಬಾಗಿಲು ತೆರೆದ ತರಗತಿಯಲ್ಲಿ ಹೇಳಿ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಮನಸ್ಸು ತಿಳಿಸುವವರನ್ನು ಶಾಲೆಗೆ ಕರೆಸಬಹುದೇ?

ಉತ್ತರ: ಅದು ಶುದ್ಧ ಮೋಸ. ಆ ಹಣದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರನ್ನು ವಾರಕ್ಕೊಮ್ಮೆಯಾದರೂ ಕರೆಸಿ.