ಸೆಲ್ಫ್ ರೆಸ್ಕ್ಯೂಯರ್ ಯಾವಾಗ ಹಾಕಬೇಕು? ಬಿಸಿಯಾದರೆ ತೆಗೆಯಬಹುದೇ?

ಭೂಗತ ಗಣಿಗೆ ಹೊಸದಾಗಿ ಸೇರಿದ ನೀವು ಎರಡು ವಿಷಯ ಕೇಳಿದ್ದೀರಿ: ಬೆಲ್ಟಿನ ಸೆಲ್ಫ್ ರೆಸ್ಕ್ಯೂಯರ್ ಡಬ್ಬಿಯನ್ನು (ವಿಷಗಾಳಿಯಿಂದ ಪಾರಾಗಿ ಹೊರಬರುವಾಗ ಉಸಿರಾಡಲು ನೆರವಾಗುವ ಸಾಧನ) ಹೊಗೆ ದಟ್ಟವಾದ ಮೇಲೆ ತೆರೆದರೆ ಸಾಕೇ, ಉಸಿರು ಬಿಸಿಯಾದರೆ ತೆಗೆಯಬಹುದೇ ಎಂದು. ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ.

ಬೆಂಕಿ, ಸ್ಫೋಟದಲ್ಲಿ ಹುಟ್ಟುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಂಕಿ, ಸ್ಫೋಟದ ಸುಳಿವು ಸಿಕ್ಕ ಕೂಡಲೇ ಹಾಕಿಕೊಳ್ಳಿ.

ನಿಮ್ಮದು ಯಾವ ಬಗೆ ಎಂದು ಇವತ್ತೇ ತಿಳಿದುಕೊಳ್ಳಿ. ಫಿಲ್ಟರ್ ಬಗೆಯಲ್ಲಿರುವ ಹಾಪ್ಕಲೈಟ್ ಎಂಬ ರಾಸಾಯನಿಕ ಮಿಶ್ರಣ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಅಷ್ಟೇ. ಆಮ್ಲಜನಕವನ್ನು ಅದು ಕೊಡುವುದಿಲ್ಲ, ಹಾಗಾಗಿ ಆಮ್ಲಜನಕ ಕಡಿಮೆಯಿರುವ ಜಾಗದಲ್ಲಿ ಅದನ್ನು ನಂಬಿದರೆ ಜೀವ ಹೋಗುತ್ತದೆ. ರಾಸಾಯನಿಕ ಆಮ್ಲಜನಕದ ಬಗೆಯಲ್ಲಿ ಪೊಟ್ಯಾಶಿಯಂ ಸೂಪರಾಕ್ಸೈಡ್ ಇರುತ್ತದೆ. ನೀವು ಬಿಟ್ಟ ಉಸಿರಿನ ತೇವದಿಂದ ಅದು ಆಮ್ಲಜನಕ ಕೊಡುತ್ತದೆ, ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ.

ಎರಡರಲ್ಲೂ ಈ ಕ್ರಿಯೆಯಿಂದಲೇ ಶಾಖ ಹುಟ್ಟುತ್ತದೆ. ಬಾಯಿ ಒಣಗಿ ಉಸಿರು ಬಿಸಿಯಾದರೆ ಡಬ್ಬಿ ಕೆಲಸ ಮಾಡುತ್ತಿದೆ ಎಂದರ್ಥ. ಕೆಟ್ಟಿದೆ ಎಂದುಕೊಂಡು ಕಿತ್ತುಹಾಕುವುದೇ ದೊಡ್ಡ ಅಪಾಯ. 2006ರ ಜನವರಿಯಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದ ಸೇಗೋ ಗಣಿಯಲ್ಲಿ 12 ಜನ ಸತ್ತರು. ಸಿಕ್ಕಿಬಿದ್ದವರಲ್ಲಿ ಬದುಕುಳಿದ ಒಬ್ಬರು, ನಾಲ್ಕು ಡಬ್ಬಿಗಳು ಕೆಲಸ ಮಾಡಲಿಲ್ಲ ಎಂದಿದ್ದರು. ಆ ಮೇಲೆ ಅಲ್ಲಿ ಡಬ್ಬಿ ಬಳಸುವ ಅಭ್ಯಾಸದ ನಿಯಮಗಳು ಬಿಗಿಯಾದವು.

ಹಾಕುವಾಗ ಮಂಡಿಯೂರಿ, ಪಟ್ಟಿ ಕೊರಳಿಗೆ ಹಾಕಿ. ಆಮ್ಲಜನಕದ ಬಗೆಯಾದರೆ ಅದನ್ನು ಶುರು ಮಾಡುವ ಸ್ಟಾರ್ಟರ್ ಎಳೆಯಿರಿ, ಮೌತ್‌ಪೀಸಿನ ಅಂಚನ್ನು ತುಟಿ ಮತ್ತು ವಸಡಿನ ನಡುವೆ ಕೂರಿಸಿ ಕಚ್ಚಿ, ಮೂಗಿಗೆ ಕ್ಲಿಪ್ ಹಾಕಿ. ಇಷ್ಟಾದರೆ ಶ್ವಾಸ ಸುರಕ್ಷಿತ. ಕನ್ನಡಕ, ಸೊಂಟದ ಪಟ್ಟಿ, ಹೆಲ್ಮೆಟ್ ಆಮೇಲೆ. ಅದರ ಉಸಿರಿನ ಚೀಲ ಉಬ್ಬದಿದ್ದರೆ ಅದರೊಳಗೆ ಕೆಲವು ಸಲ ಜೋರಾಗಿ ಊದಿ, ಆ ತೇವಕ್ಕೇ ರಾಸಾಯನಿಕ ಚುರುಕಾಗುತ್ತದೆ.

ಓಡಬೇಡಿ. ಉಸಿರು ಹೆಚ್ಚಾದಷ್ಟೂ ಚೀಲ ಬೇಗ ಬರಿದಾಗುತ್ತದೆ; ಬರಿದಾದರೆ ನಿಂತು, ಅದು ತುಂಬಿದ ಮೇಲೆ ನಡೆಯಿರಿ. ಲೇಬಲ್ಲಿನ ನಿಮಿಷಗಳು ನಡೆಯುವವನ ಲೆಕ್ಕ, ಸುಮ್ಮನೆ ಕುಳಿತರೆ ಇನ್ನೂ ಹೆಚ್ಚು ಬರುತ್ತದೆ. ಮಾತಾಡಲು ಮೌತ್‌ಪೀಸ್ ತೆಗೆಯಲೇಬೇಡಿ, ಕೈಸನ್ನೆ ಸಾಕು. ಎಂಜಲು ನುಂಗಿ.

ಪ್ರತಿ ಪಾಳಿಯಲ್ಲಿ ಇಳಿಯುವ ಮುನ್ನ ಸೀಲ್, ತೇವದ ಸೂಚಕ, ತಗ್ಗು ಬಿದ್ದ ಗುರುತು, ಅವಧಿ ನೋಡಿ. ಯಾವುದರಲ್ಲಾದರೂ ಸಂದೇಹವಿದ್ದರೆ ಬೇರೆ ಡಬ್ಬಿ ಕೇಳಿ ಪಡೆದೇ ಇಳಿಯಿರಿ.